ಅಕ್ಕಮ್ಮ ಮತ್ತು ಇತರರು

ಪ್ರಯೋಗಾಲಯ ಎಂದರೆ ಬಹಳ ಗಂಭೀರವಾದ ಜಾಗ ಎಂದು ಹೊರಗಿನವರು ತಿಳಿದುಕೊಂಡಿದ್ದಾರೆ. ನಾವೂ ಅವರನ್ನು ಹಾಗೇ ನಂಬಿಸಿಕೊಂಡು ಬಂದಿದ್ದೇವೆ. ಒಳಗಿರುವವರಿಗೆ ಗೊತ್ತು, ಒಂದಾದರೂ ನಗೆಪಾಟಲಿನ ಪ್ರಸಂಗ ನಡೆಯದೆ ಅಲ್ಲಿ ಸೋಮವಾರ ಶನಿವಾರವನ್ನು ಮುಟ್ಟುವುದಿಲ್ಲ. ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕ. ಪಾಠ ಮಾಡುತ್ತಲೇ ಅಲ್ಲಿಯ ಲ್ಯಾಬಿನಲ್ಲಿ ಪಿಎಚ್‌ಡಿ ಮಾಡಿದೆ. ಮಾಡಿದೆ ಎಂದು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಆಗ ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು, ಡಿಗ್ರಿ ಕೈಗೆ ಬರದಿದ್ದರೆ ಮುಂದಿನ ವರ್ಷ ಕೆಲಸವೂ ಇಲ್ಲ ಎಂದು ಪ್ರಿನ್ಸಿಪಾಲರು ನಗುನಗುತ್ತಲೇ ಹೇಳಿದ್ದರು. ಆದ್ದರಿಂದ ಕೆಳಗಿನ ಪ್ರಸಂಗಗಳು ನಡೆಯುವಾಗ ನನಗೆ ನಗು ಬಂದಿರಲಿಲ್ಲ ಎಂಬುದನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೇಸ್ತ್ರಿಯ ಹಲ್ಲು

ನನ್ನ ಸಂಶೋಧನೆ ತೆಳುಪದರಗಳ ಮೇಲೆ. ಬೆರಳಗಲದ ಗಾಜಿನ ಸ್ಲೈಡನ್ನು ಬಿಸಿ ಮಾಡಿ ಅದರ ಮೇಲೆ ಸತುವಿನ ಲವಣದ ನೀರನ್ನು ಮಂಜಿನ ಹಾಗೆ ಸಿಂಪಡಿಸುವುದು. ನೀರು ಆವಿಯಾಗಿ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಒಂದು ಪದರ ಗಾಜಿಗೆ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ಹೆಚ್ಚು ಕಡಿಮೆಯಾದ ಹಾಗೆ ಆ ಪದರದಲ್ಲಿ ಹರಿಯುವ ಕರೆಂಟೂ ಹೆಚ್ಚು ಕಡಿಮೆಯಾಗುತ್ತದೆ. ಇದರಿಂದ ಕಾಫಿ ಬೀಜ ಒಣಗಿದೆಯೋ ಇಲ್ಲವೋ ತಿಳಿಯಬಹುದು ಎಂಬುದು ನನ್ನ ವಾದ. ನಮ್ಮ ಜಿಲ್ಲೆಯಲ್ಲಿ ಕಾಫಿಯ ಹೆಸರು ಹೇಳದಿದ್ದರೆ ಯಾವ ಸಂಶೋಧನೆಗೂ ಮರ್ಯಾದೆ ಇಲ್ಲ.

ಮೂರನೇ ವರ್ಷ ನನ್ನ ಉಪಕರಣವನ್ನು ಹೊತ್ತುಕೊಂಡು ಮಲ್ಲಂದೂರಿನ ಸೋದರಮಾವನ ಎಸ್ಟೇಟಿಗೆ ಹೋದೆ. ಕಣದಲ್ಲಿ ಪಾರ್ಚ್‌ಮೆಂಟ್ ಹರವಿತ್ತು. ಸಿಪ್ಪೆ ಸುಲಿದು ತೊಳೆದು ಒಣಗಲು ಹಾಕಿದ ಬೀಜ. ನಾನು ಒಂದು ಡಬ್ಬಿಗೆ ಬೀಜ ತುಂಬಿ, ಸ್ಲೈಡ್ ಇಟ್ಟು, ವೈರು ಜೋಡಿಸಿ, ಮುಕ್ಕಾಲು ಗಂಟೆ ಕಾದು, ಲೆಕ್ಕ ಹಾಕಿ ಘೋಷಿಸಿದೆ: "ಇನ್ನೂ ಪೂರ್ತಿ ಒಣಗಿಲ್ಲ."

ಪಕ್ಕದಲ್ಲಿ ನಿಂತಿದ್ದ ಮೇಸ್ತ್ರಿ ಒಂದು ಬೀಜ ಬಾಯಿಗೆ ಹಾಕಿ ಕಟಕ್ಕೆಂದು ಕಚ್ಚಿದ. "ಇನ್ನೊಂದು ಬಿಸಿಲು ಬೇಕು" ಎಂದ.

ಮಾವನಿಗೆ ಖುಷಿಯಾಯಿತು. "ಇಬ್ರದ್ದೂ ಒಂದೇ ಲೆಕ್ಕ ಬಂತಲ್ಲ! ನಿಂದು ಮಾಡೋಕೆ ಎಷ್ಟು ದಿನ ಹಿಡೀತೋ?"

"ಮೂರು ವರ್ಷ ಮಾವ."

ಮಾವ ಮೇಸ್ತ್ರಿಯ ಹಲ್ಲನ್ನು ಒಮ್ಮೆ, ನನ್ನ ಡಬ್ಬಿಯನ್ನು ಒಮ್ಮೆ ನೋಡಿದರು. ಅಷ್ಟರಲ್ಲಿ ಮೇಸ್ತ್ರಿ ಕುತೂಹಲದಿಂದ ಡಬ್ಬಿಯ ಮೇಲೆ ಬಗ್ಗಿದ. ಅವನ ಉಸಿರು ಪದರಕ್ಕೆ ತಾಗಿ ಮೀಟರಿನ ಮುಳ್ಳು ಈ ತುದಿಯಿಂದ ಆ ತುದಿಗೆ ಹಾರಿತು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು ಮಾವನಿಗೆ ಹೇಳಿದ: "ಅಯ್ಯಾ, ಇದಕ್ಕೆ ಕಾಫಿ ಕಚ್ಚೋ ಧೈರ್ಯ ಎಲ್ಲಿಂದ ಬರಬೇಕು? ನಾನು ಉಸಿರು ಬಿಟ್ಟಿದ್ದಕ್ಕೇ ಹೆದರ್ಕೊಳ್ತು."

ಜನರೇಟರಿನ ಬೀಗದ ಕೈ

ನನ್ನ ಮೊದಲ ಪ್ರಬಂಧ ಬರೆದಾಗ ಲೇಖಕರ ಹೆಸರು ಹಾಕುವ ಕ್ರಮ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಲಗ್ನಪತ್ರಿಕೆಯ ಕ್ರಮ. ಹಿರಿಯರನ್ನು ಬಿಟ್ಟರೆ ಮುನಿಸು, ಒಬ್ಬರನ್ನು ಸೇರಿಸಿದರೆ ಇನ್ನೊಬ್ಬರನ್ನು ಸೇರಿಸಬೇಕು. ಹಾಗಾಗಿ ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ನನ್ನ ಗೈಡ್ ಮೇಡಂ, ಮೇಡಂ ಅವರ ಗೈಡ್, ಒಂದು ದಿನ ಮೈಕ್ರೋಸ್ಕೋಪ್ ಕೊಟ್ಟ ಸಸ್ಯಶಾಸ್ತ್ರದವರು, ಎಲ್ಲರ ಹೆಸರೂ ಹಾಕಿ ಕೊನೆಗೆ ನನ್ನ ಹೆಸರು ಬರೆದೆ. "ಸುಖಾಗಮನ ಬಯಸುವವರು" ಎಂಬುದೊಂದನ್ನು ಬರೆಯಲಿಲ್ಲ ಅಷ್ಟೇ.

ಪತ್ರಿಕೆಯವರಿಂದ ಉತ್ತರ ಬಂತು. ಪ್ರತಿಯೊಬ್ಬ ಲೇಖಕರೂ ಈ ಕೆಲಸದಲ್ಲಿ ಏನು ಮಾಡಿದರು ಎಂದು ಒಂದೊಂದು ಸಾಲು ಬರೆದು ಕಳಿಸಿ ಎಂದಿದ್ದರು.

ಮೇಡಂ ಅವರ ಗೈಡು "ನನ್ನನ್ನು ಕೈಬಿಡಿ, ನಾನು ಆಶೀರ್ವಾದ ಮಾಡಿದ್ದು ಮಾತ್ರ" ಎಂದು ದೊಡ್ಡ ಮನಸ್ಸು ಮಾಡಿದರು. ಸಸ್ಯಶಾಸ್ತ್ರದವರು ತಾವಾಗಿಯೇ ಹಿಂದೆ ಸರಿದರು. ಪ್ರಿನ್ಸಿಪಾಲರ ಸಾಲು ಮಾತ್ರ ಹೊಳೆಯಲಿಲ್ಲ. ಅಂಜುತ್ತಾ ಅವರ ಕೋಣೆಗೆ ಹೋಗಿ, "ಸರ್, ತಾವು ಈ ಕೆಲಸದಲ್ಲಿ ಏನು ಮಾಡಿದ್ದೀರಿ ಅಂತ ಬರೀಬೇಕಂತೆ" ಎಂದೆ.

ಅವರು ಕೋಪ ಮಾಡಿಕೊಳ್ಳಲಿಲ್ಲ. ಮೇಜಿನ ಡ್ರಾಯರ್ ಎಳೆದು ಒಂದು ಬೀಗದ ಕೈ ತೆಗೆದು ತೋರಿಸಿದರು. "ಜೂನ್‌ನಿಂದ ಸೆಪ್ಟೆಂಬರ್ ತನಕ ಕರೆಂಟು ಇರುತ್ತಾ ನಿಮ್ಮ ಲ್ಯಾಬಲ್ಲಿ?"

"ಇರಲ್ಲ ಸರ್."

"ಜನರೇಟರ್ ರೂಮಿನ ಕೈ ಯಾರ ಹತ್ರ ಇದೆ?"

"ತಮ್ಮ ಹತ್ರ ಸರ್."

"ಬರ್ಕೊಳಿ ಮತ್ತೆ, ಶಕ್ತಿಯ ಮೂಲ ಅಂತ."

ಮೊದಲ ಉಲ್ಲೇಖ

ಬೇರೆಯವರು ತಮ್ಮ ಪ್ರಬಂಧದಲ್ಲಿ ನಮ್ಮ ಪ್ರಬಂಧದ ಹೆಸರು ಹೇಳಿದರೆ ಅದಕ್ಕೆ ಸೈಟೇಷನ್ ಎನ್ನುತ್ತಾರೆ. ಸಂಶೋಧಕರ ಮರ್ಯಾದೆ ಅದರ ಎಣಿಕೆಯ ಮೇಲೆ ನಿಂತಿದೆ. ನಮ್ಮ ಮುಖ್ಯಸ್ಥರು ಬೆಳಿಗ್ಗೆ ಬಂದವರೇ ಕಂಪ್ಯೂಟರ್ ತೆರೆದು ತಮ್ಮ ಎಣಿಕೆ ನೋಡುತ್ತಿದ್ದರು, ಎಸ್ಟೇಟಿನವರು ಎದ್ದ ಕೂಡಲೇ ಮಳೆ ಮಾಪಕ ನೋಡುವ ಹಾಗೆ. ಎರಡರಲ್ಲೂ ಬಂದಿದ್ದರೆ ಇಡೀ ದಿನ ಮಾತು, ಬರದಿದ್ದರೆ ಮುಖ ಗಂಟು.

ನಮ್ಮ ಪ್ರಬಂಧ ಅಚ್ಚಾಗಿ ಬಹಳ ದಿನ ಯಾರೂ ಅದರ ಗೋಜಿಗೆ ಹೋಗಲಿಲ್ಲ. ಒಂದು ದಿನ ಸೊನ್ನೆ ಇದ್ದ ಕಡೆ ಒಂದು ಎಂದು ಕಾಣಿಸಿತು. ಮುಖ್ಯಸ್ಥರು ಇಡೀ ವಿಭಾಗಕ್ಕೆ ಮಸಾಲೆ ದೋಸೆ ತರಿಸಿದರು. ಎಲ್ಲರೂ ತಿಂದು ಕೈ ತೊಳೆದ ಮೇಲೆ ಮೇಡಂ, "ಯಾರು ಏನು ಬರೆದಿದ್ದಾರೆ ಅಂತ ಓದೋಣವೇ?" ಎಂದರು. ಅಲ್ಲಿಯವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಓದಿದೆವು. ಯಾವುದೋ ದೇಶದ ತಂಡ ನಮ್ಮ ಹೆಸರು ಹೇಳಿ ಒಂದೇ ಒಂದು ವಾಕ್ಯ ಬರೆದಿತ್ತು: ಈ ಲೇಖಕರು ಹೇಳಿದ ವಿಧಾನದಂತೆಯೇ ಮಾಡಿದೆವು, ನಮಗೆ ಪದರ ಗಾಜಿಗೆ ಅಂಟಲಿಲ್ಲ, ಸಿಪ್ಪೆಯಂತೆ ಎದ್ದು ಬಂತು.

ನಾನು ಆ ವಾಕ್ಯವನ್ನು ಮತ್ತೆ ಓದಿದೆ. ಬೇರೆಯವರ ಕೈಯಲ್ಲಿ ಆಗದಿದ್ದರೆ ಅದು ವಿಜ್ಞಾನವೇ ಅಲ್ಲ, ನನ್ನ ಥೀಸಿಸ್ ನಿಂತಿರುವುದೇ ಆ ಪದರದ ಮೇಲೆ. ಮೇಡಂ ಕೂಡ ತಲೆಗೆ ಕೈ ಹೊತ್ತು ಕೂತರು. ಮುಖ್ಯಸ್ಥರು ಮಾತ್ರ ಹಲ್ಲುಕಡ್ಡಿ ಹುಡುಕುತ್ತಾ ಸಮಾಧಾನ ಹೇಳಿದರು: "ಬೈದ್ರೂ ಹೆಸರು ಹೇಳಿ ಬೈದಿದಾರಲ್ಲ ಮಾರಾಯ. ಎಣಿಕೆಗೆ ಬಂತು ಬಿಡು."

ಅಕ್ಕಮ್ಮ ಸಂಸೆಗೆ ಹೋದಾಗ

ಅದಾಗಿ ತಿಂಗಳೊಳಗೆ ನಮ್ಮ ಲ್ಯಾಬಿನಲ್ಲೂ ಪದರ ಏಳತೊಡಗಿತು. ಸಿಂಪಡಿಸುವುದು, ಆರುವುದು, ಬೆರಳು ತಾಗಿಸಿದರೆ ಹುಡಿ ಹುಡಿ. ಲವಣ ಬದಲಿಸಿದೆವು. ಹೀಟರ್ ಬದಲಿಸಿದೆವು. ಮೇಡಂ ಗಾಳಿಯ ತೇವ ಅಳೆದರು. ಮುಖ್ಯಸ್ಥರು ಲ್ಯಾಬಿನ ಬಾಗಿಲು ಯಾವ ದಿಕ್ಕಿಗಿದೆ ಎಂದು ಸುಮ್ಮನೆ ನೋಡಿಕೊಂಡು ಹೋದರು. ಏನು ಮಾಡಿದರೂ ಅಷ್ಟೇ. ನನಗೆ ನಿದ್ದೆ ಬಿಟ್ಟುಹೋಯಿತು, ಪಾಠ ಮಾಡುವಾಗ ಬೋರ್ಡಿನ ಮೇಲಿನ ಸೀಮೆಸುಣ್ಣದ ಪುಡಿ ಉದುರಿದರೂ ಪದರವೇ ಎದ್ದು ಬಂದಂತೆ ಕಾಣುತ್ತಿತ್ತು.

ಇಲ್ಲಿ ಅಕ್ಕಮ್ಮನವರ ವಿಷಯ ಹೇಳಬೇಕು. ಅಕ್ಕಮ್ಮ ನಮ್ಮ ಲ್ಯಾಬಿನ ಅಟೆಂಡರ್. ನೆಲ ಗುಡಿಸುವುದು, ಬಾಟಲಿ ತೊಳೆಯುವುದು, ಹನ್ನೊಂದು ಗಂಟೆಗೆ ಕಾಫಿ ಕೊಡುವುದು ಅವರ ಕೆಲಸ. ಮೊದಲು ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದರು. ಕಪ್ಪು ಬೀಜ, ಒಡಕು ಬೀಜ ಅವರ ಕಣ್ಣು ತಪ್ಪಿಸಿ ಹೋದದ್ದಿಲ್ಲವಂತೆ. ಮಗಳ ಬಾಣಂತನಕ್ಕೆಂದು ಎರಡು ತಿಂಗಳು ರಜೆ ಹಾಕಿ ಅವಳ ಊರು ಸಂಸೆಗೆ ಹೋಗಿದ್ದರು.

ಅವರು ವಾಪಸು ಬಂದ ಮರುದಿನ ಪದರ ಅಂಟಿತು. ಅದರ ಮರುದಿನವೂ ಅಂಟಿತು. ಮೂವರೂ ಹೊಸ ಲವಣವನ್ನು ಹೊಗಳುತ್ತಾ ಕೂತಿದ್ದಾಗ ಪದರ ಎದ್ದ ದಿನಗಳೂ ಅಕ್ಕಮ್ಮನ ರಜೆಯ ದಿನಗಳೂ ಒಂದೇ ಎಂದು ಮೇಡಂಗೆ ಹೊಳೆಯಿತು. ಅಕ್ಕಮ್ಮನನ್ನು ಕರೆದರು.

"ಅಕ್ಕಮ್ಮ, ಈ ಗಾಜುಗಳನ್ನ ನೀವು ಮುಟ್ತೀರಾ?"

ಅಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಬೈಯಲ್ಲ ಅಂದ್ರೆ ಹೇಳ್ತೀನಿ ಮೇಡಂ."

"ಹೇಳಿ."

"ಈ ಸಾರ್ ದಿನಾ ಸಂಜೆ ತೊಳೆದಿಡ್ತಾರಲ್ಲ, ಅದು ತೊಳೆದಂಗೇ ಇರಲ್ಲ. ಬೆಳಕಿಗೆ ಹಿಡಿದ್ರೆ ಹೆಬ್ಬೆಟ್ಟಿನ ಗುರುತು. ಅದಕ್ಕೆ ಅವ್ರು ಹೋದ್ಮೇಲೆ ನಾನು ಅಂಟುವಾಳದ ನೀರಲ್ಲಿ ಮತ್ತೆ ತೊಳೆದು, ಒಳ್ಳೇ ನೀರು ಬಿಟ್ಟು, ಗೋಡೆಗೆ ಒರಗಿಸಿ ಇಟ್ಟು ಮನೆಗೆ ಹೋಗೋದು. ಹೇಳಿದ್ರೆ ಪಾಪ ಬೇಜಾರು ಮಾಡ್ಕೊಳ್ತಾರೆ ಅಂತ ಹೇಳ್ಲಿಲ್ಲ."

ಮೂರು ವರ್ಷ ನಾನು ಸಾಬೂನು, ಅಸಿಟೋನ್, ಆಲ್ಕೋಹಾಲ್ ಎಂದು ಶಾಸ್ತ್ರೋಕ್ತವಾಗಿ ತೊಳೆದು, ಕೊನೆಗೆ ನನ್ನ ಕರವಸ್ತ್ರದಿಂದ ಉಜ್ಜಿ ಒರೆಸಿಡುತ್ತಿದ್ದೆ. ಪ್ರಬಂಧದಲ್ಲಿ ಬರೆದದ್ದೂ ಅದನ್ನೇ. ಆ ದೂರದ ದೇಶದವರು ಪಾಪ ನಾನು ಬರೆದ ಹಾಗೆಯೇ ಮಾಡಿದ್ದರು. ಅವರಿಗೆ ಅಕ್ಕಮ್ಮ ಇರಲಿಲ್ಲ.

ಎ ಮುಂಚೆ, ಬಿ ಆಮೇಲೆ

ಹೊಸ ಪ್ರಬಂಧ ಬರೆಯಲು ಕೂತೆವು. ಈ ಸಲ ಹೆಸರಿನ ಜಗಳ ಶುರುವಿನಲ್ಲೇ ಬಂತು. ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು ಇರಬೇಕು ಎಂದು ಮೇಡಂ. ವಿಭಾಗವೇ ಇಲ್ಲದಿದ್ದರೆ ವಿದ್ಯಾರ್ಥಿ ಎಲ್ಲಿಂದ ಬರುತ್ತಿದ್ದ ಎಂದು ಮುಖ್ಯಸ್ಥರು. ಎರಡು ದಿನ ಇಬ್ಬರೂ ಮಾತು ಬಿಟ್ಟರು. ನಾನು ಇಬ್ಬರಿಗೂ ಬೇರೆ ಬೇರೆಯಾಗಿ ನಮಸ್ಕಾರ ಹೇಳಿಕೊಂಡು ಓಡಾಡಿದೆ.

ಮೂರನೇ ದಿನ ಮುಖ್ಯಸ್ಥರು ಧಾರಾಳವಾಗಿ ಒಂದು ಸಲಹೆ ಕೊಟ್ಟರು. "ಯಾಕೆ ಈ ರಗಳೆ? ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹಾಕಿಬಿಡೋಣ. ಯಾರಿಗೂ ಪಕ್ಷಪಾತ ಇಲ್ಲ." ಅವರ ಹೆಸರು ಬಿ ಅಕ್ಷರದಿಂದ ಶುರು. ಮೇಡಂ ಅವರದು ಎಸ್. ನನ್ನದು ವಿ. ಮೇಡಂಗೆ ಗೊತ್ತಾಯಿತು, ಆದರೆ ಸಾಕಾಗಿತ್ತು. ಮುಖ್ಯಸ್ಥರು ಅದನ್ನು ಕಾಗದದ ಮೇಲೆ ಬರೆಸಿ ಮೂವರ ಸಹಿಯನ್ನೂ ಹಾಕಿಸಿಕೊಂಡರು.

ಪತ್ರಿಕೆಯಿಂದ ಪ್ರಶ್ನೆ ಬಂತು: ಗಾಜು ತೊಳೆಯುವ ಈ ವಿಧಾನವೇ ನಿಮ್ಮ ಪ್ರಬಂಧದ ಮುಖ್ಯ ವಿಷಯ, ಅದನ್ನು ಕಂಡುಹಿಡಿದವರು ಯಾರು? ಅವರ ಹೆಸರು ಲೇಖಕರಲ್ಲಿ ಇದೆಯೇ?

ಮೇಡಂ ಓದಿ, "ಅಕ್ಕಮ್ಮನ ಹೆಸರು ಹಾಕಲೇಬೇಕು" ಎಂದರು.

"ಹಾಕಿ, ಹಾಕಿ, ಪಾಪ" ಎಂದರು ಮುಖ್ಯಸ್ಥರು. ಹೇಳಿ ಮುಗಿಸಿದ ಮೇಲೆ ಅವರ ಮುಖ ನಿಧಾನವಾಗಿ ಬದಲಾಯಿತು. ಎ ಅಕ್ಷರ ಬಿ ಅಕ್ಷರಕ್ಕಿಂತ ಮುಂಚೆ ಬರುತ್ತದೆ ಎಂಬುದನ್ನು ಅವರಿಗೆ ಯಾರೂ ನೆನಪಿಸಬೇಕಾಗಲಿಲ್ಲ. ಕಾಗದದ ಮೇಲೆ ಸಹಿಯೂ ಇತ್ತು.

ಒಪ್ಪಿಗೆಯ ಫಾರಂ ಹಿಡಿದು ಅಕ್ಕಮ್ಮನ ಹತ್ತಿರ ನಾನೇ ಹೋದೆ. ಅವರು ಸುಮ್ಮನೆ ಸಹಿ ಹಾಕುವವರಲ್ಲ. "ಇದರಲ್ಲಿ ಏನಾದ್ರೂ ತಪ್ಪಾದ್ರೆ ನನ್ನನ್ನ ಕೇಳ್ತಾರಾ?" ಎಂದರು.

"ಕೇಳಬಹುದು ಅಕ್ಕಮ್ಮ."

"ಗಾಜಿನ ವಿಷಯ ಕೇಳಿದ್ರೆ ನಾನು ಹೇಳ್ತೀನಿ. ಬೇರೆ ಏನಾದ್ರೂ ಕೇಳಿದ್ರೆ ನಿಮ್ಮನ್ನ ತೋರಿಸ್ತೀನಿ. ಆಗಬಹುದಾ?"

ಈ ಮಾತನ್ನು ಮುಖ್ಯಸ್ಥರಿಗೆ ಹೇಳಿದಾಗ ಅವರು ಫಾರಂ ತೆಗೆದುಕೊಂಡು ಒಮ್ಮೆ ಪೂರ್ತಿ ಓದಿದರು. "ಇಷ್ಟು ವರ್ಷ ಇಷ್ಟು ಪ್ರಬಂಧಕ್ಕೆ ಸಹಿ ಹಾಕಿದೀನಿ ಮಾರಾಯ. ಕೇಳ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ" ಎಂದರು.

ಪ್ರೊಫೆಸರ್ ಅಕ್ಕಮ್ಮನವರಿಗೆ

ಪ್ರಬಂಧ ಅಚ್ಚಾಯಿತು. ಈ ಸಲ ಎಲ್ಲರಿಗೂ ಪದರ ಅಂಟಿತು. ಸೈಟೇಷನ್ ಒಂದರ ಹಿಂದೆ ಒಂದು ಬಂದವು. ಉದ್ದದ ಪಟ್ಟಿಯಿದ್ದರೆ ಮೊದಲ ಹೆಸರು ಮಾತ್ರ ಬರೆದು ಉಳಿದವರನ್ನು "ಇತರರು" ಎಂದು ಮುಗಿಸುವುದು ರೂಢಿ. ಹೀಗಾಗಿ ಲೋಕದ ಲೆಕ್ಕದಲ್ಲಿ ನಾವು ಅಕ್ಕಮ್ಮ ಮತ್ತು ಇತರರು ಆದೆವು. ಮುಖ್ಯಸ್ಥರೂ ತಮ್ಮ ಮುಂದಿನ ಪ್ರಬಂಧದಲ್ಲಿ ಹಲ್ಲು ಕಚ್ಚಿಕೊಂಡು ಹಾಗೆಯೇ ಬರೆದರು, ಅಲ್ಲಿ ಅವರೂ ಇತರರೇ.

ದುಡ್ಡಿಗಾಗಿ ಸಮ್ಮೇಳನ ನಡೆಸುವ ಅಂಗಡಿಗಳಿಂದ ವಿಭಾಗದ ಇಮೇಲಿಗೆ ಪತ್ರಗಳು ಬರತೊಡಗಿದವು. "ಮಾನ್ಯ ಪ್ರೊಫೆಸರ್ ಅಕ್ಕಮ್ಮನವರೇ, ತೆಳುಪದರ ವಿಜ್ಞಾನಕ್ಕೆ ತಮ್ಮ ಸೇವೆ ಅಪಾರ, ತಾವು ವಿದೇಶದ ನಮ್ಮ ಸಮ್ಮೇಳನಕ್ಕೆ ಬಂದು ಮುಖ್ಯ ಭಾಷಣ ಮಾಡಬೇಕು." ಒಂದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಕ್ಕಮ್ಮ ಪೊರಕೆ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

"ಅಷ್ಟು ದೂರದಿಂದ ಕರೀತಾರೆ ಅಂದ್ರೆ, ಪಾಪ, ಅಲ್ಲಿ ಲ್ಯಾಬ್ ತೊಳೆಯೋರು ಯಾರೂ ಇಲ್ವಾ?" ಎಂದರು.

ಕೊನೆಯ ಪರೀಕ್ಷೆ

ಥೀಸಿಸ್ ಸಲ್ಲಿಸಿ, ನೋಂದಣಿಯ ಅವಧಿ ಮುಗಿಯಲು ಹತ್ತು ದಿನ ಇರುವಾಗ ನನ್ನ ವೈವಾ, ಅಂದರೆ ಮೌಖಿಕ ಪರೀಕ್ಷೆ, ಗೊತ್ತಾಯಿತು. ಪರೀಕ್ಷಕರು ಧಾರವಾಡದ ಕಡೆಯವರು, ಥೀಸಿಸ್ಸನ್ನು ನಿಜವಾಗಿಯೂ ಓದುವವರು ಎಂದು ಸುದ್ದಿ ಇತ್ತು. ಸುದ್ದಿ ನಿಜವಾಗಿತ್ತು. ಪ್ರತಿ ಪುಟಕ್ಕೂ ಅವರು ಹಳದಿ ಚೀಟಿ ಅಂಟಿಸಿದ್ದರು. ಮೇಡಂ, ಮುಖ್ಯಸ್ಥರು, ಪ್ರಿನ್ಸಿಪಾಲರು ಸಾಲಾಗಿ ಕೂತಿದ್ದರು. ಗೈಡ್ ಬಾಯಿ ಬಿಡುವಂತಿಲ್ಲ ಎಂದು ಮೊದಲೇ ತಾಕೀತಾಗಿತ್ತು.

ಒಂದು ಗಂಟೆ ಪ್ರಶ್ನೆ ಕೇಳಿದರು. ಹೇಗೋ ಉತ್ತರ ಹೇಳಿದೆ. ಆಮೇಲೆ ಅವರು ಥೀಸಿಸ್ ಮುಚ್ಚಿ ಕನ್ನಡಕ ತೆಗೆದರು.

"ನಿಮ್ಮ ಥೀಸಿಸ್ಸಿನ ಜೀವ ಇರೋದು ಐದನೇ ಅಧ್ಯಾಯದಾಗ. ಆ ಅಧ್ಯಾಯ ಬಂದಿದ್ದು ಈ ಪ್ರಬಂಧದಿಂದ. ಪ್ರಬಂಧದಾಗ ಮೊದಲನೇ ಹೆಸರು ಅಕ್ಕಮ್ಮ ಅವರದು, ಕಡೀ ಹೆಸರು ನಿಮ್ಮದು. ಅಂದ್ರ ಕೆಲಸ ಅವರದು, ಡಿಗ್ರಿ ನಿಮಗ. ಹೌದಲ್ರಿ?"

"ಇಲ್ಲ ಸರ್, ಅದು ಅಕ್ಷರ ಕ್ರಮದಲ್ಲಿ..."

"ಎಲ್ಲಾರೂ ಹಂಗ ಹೇಳ್ತಾರ್ರೀ. ಒಬ್ಬ ಹೆಣ್ಣುಮಗಳ ಕೆಲಸ ತೊಗೊಂಡು ನೀವು ಡಾಕ್ಟರ್ ಆಗೋದು ನಾ ನೋಡ್ಕೋತ ಕೂಡೋದಿಲ್ಲ. ಅವರು ಎಲ್ಲಿದ್ದಾರ? ಕರಸ್ರಿ ಅವರನ್ನ. ಅವರ ಬಾಯಿಂದ ಕೇಳ್ತೀನಿ."

"ಸರ್, ಅವರು ನಿಮ್ಮ ಪಕ್ಕದಲ್ಲೇ ಇದ್ದಾರೆ" ಎಂದೆ.

ಅವರು ಬಲಕ್ಕೆ ತಿರುಗಿ ಮೇಡಂ ಅವರನ್ನು ನೋಡಿದರು. ಮೇಡಂ ತಲೆಯಾಡಿಸಿದರು, ತಾವಲ್ಲ ಎಂದು. ಎಡಕ್ಕೆ ತಿರುಗಿದರು. ಅಲ್ಲಿ ಅಕ್ಕಮ್ಮ ಕಾಫಿಯ ಟ್ರೇ ಹಿಡಿದು ನಿಂತಿದ್ದರು. "ಸಕ್ಕರೆ ಹಾಕ್ಲಾ ಸಾರ್?" ಎಂದರು.

ಪರೀಕ್ಷಕರು ಒಂದು ಕ್ಷಣ ಟ್ರೇಯನ್ನೇ ನೋಡಿದರು. ಆಮೇಲೆ ಎದ್ದು ನಿಂತು, ಪಕ್ಕದ ಕುರ್ಚಿ ಎಳೆದು, "ಕೂಡ್ರಿ ಅಕ್ಕಮ್ಮನವರ" ಎಂದರು. ಅವರ ಬಗ್ಗೆ ನನ್ನಲ್ಲಿದ್ದ ಸಿಟ್ಟೆಲ್ಲ ಆಗಲೇ ಇಳಿದುಹೋಯಿತು. ಅಕ್ಕಮ್ಮ ಟ್ರೇ ಮೇಜಿನ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂತರು.

"ಈ ಕೆಲಸದಾಗ ನೀವು ಏನು ಮಾಡೀರಿ?"

"ಗಾಜು ತೊಳೆದೆ ಸಾರ್."

"ಮತ್ತೇನು?"

"ಬೇರೆ ಕೇಳಿದ್ರೆ ಇವರನ್ನ ತೋರಿಸ್ತೀನಿ ಅಂತ ಅವತ್ತೇ ಹೇಳಿದ್ದೆ" ಎಂದು ಅಕ್ಕಮ್ಮ ನನ್ನ ಕಡೆ ಬೆರಳು ಮಾಡಿದರು. "ರಜೆ ದಿನಾನೂ ಬಂದು ಒದ್ದಾಡ್ತಿದ್ರು ಸಾರ್, ಪಾಪ. ಕೆಲಸ ಇವರದ್ದೇ."

ನನಗೆ ಕಣ್ಣು ತುಂಬಿ ಬಂತು. ಆದರೆ ಪರೀಕ್ಷಕರು ಬಿಡಲಿಲ್ಲ. ಎಷ್ಟು ಅಂಟುವಾಳ, ಎಷ್ಟು ನೀರು, ಎಷ್ಟು ಹೊತ್ತು ಎಂದೆಲ್ಲ ಕೇಳಿ ಬರೆದುಕೊಂಡರು. ನನ್ನ ಒಂದು ಗಂಟೆಯ ವೈವಾದಲ್ಲಿ ಅವರು ಪೆನ್ನು ತೆಗೆದಿರಲಿಲ್ಲ.

"ಬಟ್ಟೆಯಿಂದ ಒರೆಸಬಾರದು ಯಾಕ?"

"ಎಷ್ಟು ಒಗೆದ್ರೂ ಬಟ್ಟೆ ನೂಲು ಬಿಡುತ್ತೆ. ಕೈಯ ಜಿಡ್ಡೂ ಹತ್ತುತ್ತೆ. ಒರಗಿಸಿಟ್ರೆ ನೀರು ತಾನೇ ಇಳಿದು ಹೋಗುತ್ತಲ್ಲ ಸಾರ್."

"ಕಡೀ ಪ್ರಶ್ನೆ. ಇವರಿಗೆ ಈಗ ತಾವ ಗಾಜು ತೊಳೀಲಿಕ್ಕೆ ಬರ್ತದೇನು?"

ನನ್ನ ಡಿಗ್ರಿ, ನನ್ನ ಕೆಲಸ, ಎಲ್ಲ ಅಕ್ಕಮ್ಮನ ಒಂದು ಮಾತಿನಲ್ಲಿತ್ತು. ಹೌದು ಎನ್ನಿ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವರು ನನ್ನನ್ನು ನೋಡಿದರು, ಬೀಜ ಆರಿಸುವಾಗ ನೋಡುತ್ತಿದ್ದದ್ದೂ ಹೀಗೇ ಇರಬೇಕು.

"ಸುಳ್ಳು ಹೇಳಬಾರ್ದು ಸಾರ್. ಹೇಳಿಕೊಟ್ಟಿದೀನಿ. ಇನ್ನೂ ಬರಲ್ಲ."

ಪರೀಕ್ಷಕರು ಗೊಳ್ಳೆಂದು ನಕ್ಕರು. ನಕ್ಕು ವರದಿಯಲ್ಲಿ ಬರೆದರು: ಥೀಸಿಸ್ ಸ್ವೀಕಾರಾರ್ಹ, ಒಂದು ಸಣ್ಣ ತಿದ್ದುಪಡಿಗೆ ಒಳಪಟ್ಟು. ಅಭ್ಯರ್ಥಿ ಈಗಲೇ ಒಂದು ಸ್ಲೈಡನ್ನು ಸ್ವತಃ ತೊಳೆದು, ಮೊದಲ ಲೇಖಕರಿಂದ ಒಪ್ಪಿಗೆ ಪಡೆಯತಕ್ಕದ್ದು.

ಎಲ್ಲರೂ ಎದ್ದು ಪಕ್ಕದ ಲ್ಯಾಬಿಗೆ ಬಂದರು. ಕೋಟು ಬಿಚ್ಚಿ, ತೋಳು ಮಡಚಿ ಸಿಂಕಿನ ಮುಂದೆ ನಿಂತೆ. ಮೊದಲನೆಯದನ್ನು ಅಕ್ಕಮ್ಮ ಕಿಟಕಿಯ ಬೆಳಕಿಗೆ ಹಿಡಿದು, "ಹೆಬ್ಬೆಟ್ಟು" ಎಂದು ವಾಪಸು ಕೊಟ್ಟರು. ಎರಡನೆಯದಕ್ಕೆ "ಮೂಲೆ ನೋಡಿ" ಎಂದರು. ಮೂರನೆಯದನ್ನು ಮುಖ್ಯಸ್ಥರು "ನನಗೇನೋ ಚೆನ್ನಾಗೇ ಕಾಣ್ತಿದೆಯಪ್ಪ" ಎಂದರು. "ಇದು ಕಿಟಕಿಗಾದ್ರೆ ಆಗುತ್ತೆ ಸಾರ್" ಎಂದರು ಅಕ್ಕಮ್ಮ. ನಾಲ್ಕನೆಯದನ್ನು ಆ ಕಡೆ ಈ ಕಡೆ ತಿರುಗಿಸಿ, ಬಹಳ ಹೊತ್ತು ನೋಡಿ, ಪರೀಕ್ಷಕರ ಪೆನ್ನು ಕೇಳಿ ಇಸಿದುಕೊಂಡು ವರದಿಯ ಕೆಳಗೆ ಕನ್ನಡದಲ್ಲಿ ನಿಧಾನವಾಗಿ ಸಹಿ ಹಾಕಿದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಪರೀಕ್ಷಕರು ಕೈ ಕುಲುಕಿ ಮೊದಲ ಬಾರಿಗೆ ನನ್ನನ್ನು ಡಾಕ್ಟರೇ ಎಂದು ಕರೆದರು. ಅಷ್ಟರಲ್ಲಿ ಅಕ್ಕಮ್ಮ ಹೊರಗೆ ಹೋಗಿ, ಎಲ್ಲರೂ ಕುಡಿದಿಟ್ಟ ಕಾಫಿ ಲೋಟಗಳ ಟ್ರೇ ತಂದು ಸಿಂಕಿನ ಪಕ್ಕ ಇಟ್ಟರು.

"ಹೆಂಗೂ ಕೈ ಒದ್ದೆಯಾಗಿದೆಯಲ್ಲ ಡಾಕ್ಟ್ರೇ, ಇವನ್ನೂ ತೊಳೆದುಬಿಡಿ."

ತೊಳೆದೆ. ಅದರಲ್ಲಿ ಎರಡನ್ನು ಅವರು ಮತ್ತೆ ತೊಳೆದರು.